ಗಿರಣಿಯ ದಾರಿ ಹಿಡಿಯುವ ಮುಂಚೆ

ತಂಗೀ,

ಬೆಕ್ಕಿನ ಮರಿಯನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ ಅಕ್ಕಿ ಗಿರಣಿಯ ಹತ್ತಿರ ಬಿಟ್ಟು ಬರುವ ಮಾತು ನಿಮ್ಮ ಮನೆಯಲ್ಲಿ ನಡೆದಿದೆಯಂತೆ. ಗಿರಣಿಯಲ್ಲಿ ಇಲಿಗೇನು ಬರ, ಹೊಟ್ಟೆ ತುಂಬ ತಿಂದುಕೊಂಡು ಇರುತ್ತದೆ ಎಂಬ ಸಮಾಧಾನವನ್ನೂ ಅದಕ್ಕೆ ಜೋಡಿಸಿದ್ದೀರಂತೆ. ಇದು ನಿನ್ನೊಬ್ಬಳ ಮನೆಯ ಮಾತಾಗಿದ್ದರೆ ಸುಮ್ಮನಿರಬಹುದಿತ್ತು. ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಹೊಸ ಬಡಾವಣೆಗಳಲ್ಲಿ ಮೊದಲ ವಾರ ಮುದ್ದು, ಎರಡನೇ ತಿಂಗಳಿಗೆ ಚೀಲ ಎನ್ನುವವರು ಇನ್ನೂ ಇದ್ದಾರೆ. ಅದಕ್ಕೇ ಎಲ್ಲರೂ ಓದಲಿ ಎಂದು ಬಹಿರಂಗವಾಗಿ ಬರೆಯುತ್ತಿದ್ದೇನೆ. ಮರಿಯನ್ನು ಇಟ್ಟುಕೊಳ್ಳುವುದೋ ಬಿಡುವುದೋ ನಿನಗೆ ಸೇರಿದ್ದು. ಎರಡೂ ಕಡೆಯ ಮಾತನ್ನು ಮುಂದಿಡುತ್ತೇನೆ. ಒಂದು ಕಡೆಗೆ ತೂಕ ಹೆಚ್ಚು ಬಿದ್ದರೆ ಅದು ತಕ್ಕಡಿಯ ತಪ್ಪಲ್ಲ.

ಸೋಫಾದ ಕೈ ಹರಿದಿದೆ, ಪರದೆಯ ನೂಲು ಎದ್ದಿದೆ, ಗಾದಿಯ ಅಂಚಿನಿಂದ ಹತ್ತಿ ಹೊರಗೆ ಬಂದಿದೆ, ಹಾಲಿನ ಪಾತ್ರೆ ಉರುಳಿದೆ, ಚಾರ್ಜರ್ ವೈರಿನ ಮೇಲೆ ಹಲ್ಲಿನ ಗುರುತು, ಮುಂಗೈ ತುಂಬ ಗೀರು. ಇದನ್ನೆಲ್ಲ ಎದುರಿಗಿಟ್ಟುಕೊಂಡು ಮರಿಗೆ ಸೊಕ್ಕು, ಹಟ, ಸೇಡು ಎಂದು ಹೆಸರಿಡುತ್ತೀರಿ. ಸೇಡು ತೀರಿಸಿಕೊಳ್ಳುವಷ್ಟು ಲೆಕ್ಕಾಚಾರ ಮೂರು ತಿಂಗಳ ಮರಿಯ ತಲೆಯಲ್ಲಿ ಹಿಡಿಸುವುದಿಲ್ಲ. ಅದು ಮಾಡಿದ್ದನ್ನು ಇನ್ನೊಮ್ಮೆ ನೋಡು: ಕೆರೆಯುವುದು, ಹತ್ತುವುದು, ಹೊಂಚುವುದು, ಹಾರಿ ಹಿಡಿಯುವುದು, ಕಚ್ಚುವುದು. ಇಲಿ ಹಿಡಿದು ಬದುಕಬೇಕಾದ ಪ್ರಾಣಿಗೆ ಬೇಕಾದ ವಿದ್ಯೆಗಳೆಲ್ಲ ಇವೇ. ನಿನ್ನ ಮನೆಯಲ್ಲಿ ವಿದ್ಯಾಭ್ಯಾಸ ನಡೆದಿದೆ, ಇಲಿ ಮಾತ್ರ ಇಲ್ಲ. ನಾನು ಹೇಳಬೇಕಾದದ್ದು ಇಷ್ಟೇ. ಬೆಕ್ಕು ಇದ್ದ ಹಾಗೇ ಇದೆ, ಮನೆ ಬದಲಾಗಿದೆ. ಮನೆ ಬದಲಾಯಿಸಿಕೊಂಡವರೇ ಅದಕ್ಕೊಂದು ದಾರಿ ಮಾಡಿಕೊಡಬೇಕು.

ನಿನ್ನ ವಯಸ್ಸಿನವರು ನೋಡಿರದ ಮನೆಯೊಂದನ್ನು ಇಲ್ಲಿ ನೆನೆಯಲೇಬೇಕು. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿದು ಎಡದಂಡೆ ಕಾಲುವೆಯ ನೀರು ಸಿಂಧನೂರಿನ ಎರೆಹೊಲಗಳಿಗೆ ಹರಿಯುವ ಮುಂಚೆ ಇದೆಲ್ಲ ಜೋಳದ ಸೀಮೆ. ಲಿಂಗಸುಗೂರಿನ ಕಡೆಯ, ಮಸ್ಕಿಯ ಕಡೆಯ ಒಣಭೂಮಿಯಲ್ಲಿ ಜೋಳ, ಸಜ್ಜೆ, ತೊಗರಿ ಈಗಲೂ ಉಳಿದಿವೆ. ವರ್ಷದ ಕಾಳು ನೆಲದೊಳಗಿನ ಹಗೇವಿನಲ್ಲಿ, ದಿನಬಳಕೆಯದು ಪಡಸಾಲೆಯ ಗೋಣಿಚೀಲಗಳಲ್ಲಿ, ಬೀಜದ್ದು ಗಡಿಗೆಗಳಲ್ಲಿ. ಮೇಲೆ ಮಣ್ಣಿನ ಮಾಳಿಗೆ, ಅದನ್ನು ಹೊತ್ತ ಬೇವಿನ ಕಂಬಗಳು, ಜಂತಿಯ ಸಂದಿಯಲ್ಲಿ ಇಲಿ, ಗೋದಲಿಯ ಮೂಲೆಯಲ್ಲಿ ಹೆಗ್ಗಣ, ಹಿತ್ತಲಲ್ಲಿ ಬಣವೆ. ಬೆಕ್ಕು ಬೆಳಕಿಂಡಿಯಿಂದ ಇಳಿದು ಬರುತ್ತಿತ್ತು, ಕಂಬಕ್ಕೆ ಉಗುರು ಹಾಕುತ್ತಿತ್ತು, ಚೀಲಗಳ ಮೇಲೆ ಮಲಗುತ್ತಿತ್ತು, ರಾತ್ರಿ ಜಂತಿಯ ಮೇಲೆ ತಿರುಗುತ್ತಿತ್ತು. ತಾಯಿಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಎನ್ನುತ್ತಿದ್ದರು. ಏಳೋ ಮೂರೋ, ಕಣ್ಣುಬಿಟ್ಟ ಕೆಲವೇ ವಾರಗಳಲ್ಲಿ ಮರಿ ಹಲವು ಮನೆಗಳ ಸಂದಿಗೊಂದಿ, ಸದ್ದು, ಜನ ಎಲ್ಲವನ್ನೂ ಕಂಡಿರುತ್ತಿತ್ತು. ಅದರ ಪಾಲಿಗೆ ಮನೆಯವರು ಹಾಕುತ್ತಿದ್ದದ್ದು ಒಂದಿಷ್ಟು ಹಾಲುರೊಟ್ಟಿ. ಉಳಿದ ಊಟವನ್ನು ಅದೇ ದುಡಿದುಕೊಳ್ಳುತ್ತಿತ್ತು. ಕಾಳಿದ್ದಲ್ಲಿ ಇಲಿ, ಇಲಿಯಿದ್ದಲ್ಲಿ ಬೆಕ್ಕು ಎಂಬ ಈ ನಂಟು ಬಹಳ ಹಳೆಯದು. ಸೈಪ್ರಸ್ ದ್ವೀಪದಲ್ಲಿ ಮನುಷ್ಯನ ಪಕ್ಕದಲ್ಲೇ ಬೆಕ್ಕನ್ನೂ ಹೂತಿದ್ದ ಸುಮಾರು 9,500 ವರ್ಷ ಹಿಂದಿನ ಗೋರಿಯ ಸಂಗತಿ 2004ರಲ್ಲಿ ಪ್ರಕಟವಾಯಿತು. ಆ ದ್ವೀಪದಲ್ಲಿ ಮೂಲತಃ ಬೆಕ್ಕೇ ಇರಲಿಲ್ಲವಾದ್ದರಿಂದ ಬೇಸಾಯಗಾರರೇ ದೋಣಿಯಲ್ಲಿ ಕೊಂಡೊಯ್ದಿರಬೇಕು. ಹಾಗಿದ್ದ ನಂಟು ನಮ್ಮ ಸೀಮೆಯಲ್ಲಿ ಒಂದೆರಡು ತಲೆಮಾರಿನಲ್ಲಿ ಸಡಿಲವಾಯಿತು. ಕಾಲುವೆ ಬಂತು, ಭತ್ತ ಬಂತು. ತೇವ ಹಿಡಿದ ನೆಲದಲ್ಲಿ ಹಗೇವು ತಡೆಯುವುದಿಲ್ಲ. ಕಾಳು ಮನೆ ಬಿಟ್ಟು ಗಿರಣಿಗೆ, ಗೋದಾಮಿಗೆ ಹೋಯಿತು, ಇಲಿಯೂ ಅದರ ಬೆನ್ನಿಗೆ ಹೋಯಿತು. ಈಗ ಮನೆಗೆ ಬರುವುದು 25 ಕಿಲೋದ ಸೋನಾ ಮಸೂರಿ ಚೀಲ, ಅದೂ ಪ್ಲಾಸ್ಟಿಕ್ಕಿನದು. ತಲೆಯ ಮೇಲೆ ಆರ್‌ಸಿಸಿ, ಕಾಲಡಿಗೆ ಟೈಲ್ಸ್, ಕಿಟಕಿಗೆ ಸೊಳ್ಳೆ ಜಾಳಿಗೆ. ಇಡೀ ಮನೆಯಲ್ಲಿ ಉಗುರು ಕಚ್ಚಿಕೊಳ್ಳುವಂಥ ಒರಟು ವಸ್ತು ಯಾವುದಿದೆ ಹೇಳು? ಸೋಫಾ ಒಂದೇ.

ಹಿಂದಿನ ಬೆಕ್ಕುಗಳು ಇಷ್ಟೊಂದು ಹಾಳು ಮಾಡುತ್ತಿರಲಿಲ್ಲ ಎಂದು ನಿಮ್ಮ ಮನೆಯ ಹಿರಿಯರೇ ಹೇಳುತ್ತಿರಬಹುದು. ಮಾಡುತ್ತಿದ್ದವು, ಲೆಕ್ಕ ಹಿಡಿಯುವವರಿರಲಿಲ್ಲ. ಗೋಣಿಚೀಲಕ್ಕೆ ಉಗುರು ಬಿದ್ದರೆ ಚೀಲಕ್ಕೇನಾಗಬೇಕು? ಕಂಬದ ಬುಡದಲ್ಲಿ ಗೀರೆದ್ದರೆ ಯಾರು ನೋಡಬೇಕು? ಕೌದಿ ಹರಿದರೆ ಹಳೆಯ ಸೀರೆಯ ಇನ್ನೊಂದು ತುಂಡು ಹಚ್ಚಿ ಹೊಲಿದರಾಯಿತು. ಹಾಲು ಮೊಸರು ಮಾತ್ರ ಬೆಲೆಯುಳ್ಳವು, ಅವು ನೆಲುವಿನಲ್ಲಿ ತೂಗುತ್ತಿದ್ದವು. ಬೆಕ್ಕು ಹಾರುತ್ತದೆ, ಮೂಗು ಇಡುತ್ತದೆ ಎಂಬುದನ್ನು ಒಪ್ಪಿಕೊಂಡ ಮನೆಯವರು ಮಾಡಿಕೊಂಡ ಏರ್ಪಾಡು ಅದು. ಆ ಕಾಲದವರೆಲ್ಲ ದಯಾವಂತರಾಗಿದ್ದರು ಎಂದು ಹೊಗಳುವ ಉದ್ದೇಶ ನನಗಿಲ್ಲ. ಬೆಕ್ಕಿನ ಮೇಲೆ ಕಸಬರಿಗೆ ಎಸೆದದ್ದೂ ಉಂಟು, ಕೋಲು ಬೀಸಿದ್ದೂ ಉಂಟು. ಆದರೆ ಹಾಲನ್ನು ಉಳಿಸಿದ್ದು ಕೋಲಲ್ಲ, ನೆಲುವು.

ಹೊಸ ಮನೆಗೂ ಅಂಥ ಏರ್ಪಾಡುಗಳು ಬೇಕು. ಮೊದಲನೆಯದು ಕೆರೆಯುವುದಕ್ಕೆ. ಬೆಕ್ಕಿನ ಉಗುರು ಪದರ ಪದರವಾಗಿ ಬೆಳೆಯುತ್ತದೆ. ಕೆರೆದಾಗ ಮೇಲಿನ ಹಳೆಯ ಪದರ ಕಳಚಿ ಒಳಗಿನ ಚೂಪು ಹೊರಬರುತ್ತದೆ. ಪಾದದಲ್ಲಿರುವ ಗ್ರಂಥಿಗಳ ವಾಸನೆ ಆ ಜಾಗಕ್ಕೆ ಅಂಟಿ ಇದು ನನ್ನ ಮನೆ ಎಂಬ ಗುರುತು ಉಳಿಯುತ್ತದೆ. ಮಲಗಿ ಎದ್ದಾಗ ಮೈಮುರಿಯುವುದೂ ಅದರಲ್ಲೇ ಆಗುತ್ತದೆ. ಇಷ್ಟೆಲ್ಲ ಕೆಲಸ ಒಂದರಲ್ಲೇ ಇರುವಾಗ ಕೆರೆಯಬೇಡ ಎಂದರೆ ಅದು ಕೇಳುವ ಮಾತಲ್ಲ. ಎಲ್ಲಿ ಕೆರೆಯಬೇಕೆಂಬುದನ್ನು ಬದಲಿಸಬಹುದು, ಅಷ್ಟೇ. ಬೆಕ್ಕು ಸಾಕಿದವರನ್ನು ಕೇಳಿ 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಬೆಕ್ಕುಗಳು ಹೆಚ್ಚಾಗಿ ಬಳಸಿದ್ದು ನೆಟ್ಟಗೆ ನಿಂತ, ಕನಿಷ್ಠ ಮೂರಡಿ ಎತ್ತರದ, ಹಗ್ಗ ಸುತ್ತಿದ ಕಂಬಗಳನ್ನು. ಕಂಬ ಕೆರೆದಾಗ ಬೆನ್ನು ಸವರಿ, ತಿನ್ನಲು ಕೊಟ್ಟು ಮೆಚ್ಚಿಸಿದ ಮನೆಗಳಲ್ಲಿ ಬಳಕೆ ಇನ್ನೂ ಹೆಚ್ಚು. ಪೇಟೆಯಲ್ಲಿ ಸಾವಿರಾರು ರೂಪಾಯಿಗೆ ಮಾರುವ ಆ ಕಂಬಗಳಿಗೆ ಸುತ್ತಿರುವುದು ನಮ್ಮ ಹೊಲದ ಬದುವಿನ ಕತ್ತಾಳಿಯ ಜಾತಿಗೇ ಸೇರಿದ ನಾರು. ಸಂತೆಯಲ್ಲಿ ಕತ್ತಾಳಿಯದೋ ಪುಂಡಿಯದೋ ಹಗ್ಗ ಸಿಕ್ಕರೆ ತಂದು ಬೇವಿನ ತುಂಡಿಗೆ ಬಿಗಿಯಾಗಿ ಸುತ್ತು. ನೈಲಾನ್ ಬೇಡ. ಅಡಿಗೆ ಭಾರವಾದ ಹಲಗೆ ಹೊಡೆಸು, ಒಂದು ಸಲ ಮೈಮೇಲೆ ಬಿದ್ದ ಕಂಬದ ಹತ್ತಿರ ಮರಿ ಮತ್ತೆ ಸುಳಿಯುವುದಿಲ್ಲ. ಅದನ್ನು ಮೂಲೆಯಲ್ಲಿ ಬಚ್ಚಿಡದೆ ಈಗ ಕೆರೆಯುತ್ತಿರುವ ಸೋಫಾದ ಕೈಗೆ ಒತ್ತಿ ನಿಲ್ಲಿಸು, ಸೋಫಾದ ಕೈಗೆ ಬೆಡ್‌ಶೀಟ್ ಬಿಗಿ. ಹಾಲು ಫ್ರಿಜ್ಜಿನಲ್ಲಿರಲಿ, ವೈರುಗಳು ಪೈಪಿನೊಳಗಿರಲಿ. ಮಲಮೂತ್ರಕ್ಕೆ ಅಗಲವಾದ ತಟ್ಟೆಯಲ್ಲಿ ನುಣುಪಾದ ಮರಳು ಹಾಕು. ಗಿರಣಿಯ ಭತ್ತದ ಹೊಟ್ಟು ಪುಕ್ಕಟೆ ಸಿಗುತ್ತದೆಂದು ಅದನ್ನು ತುಂಬಬೇಡ, ಕಾಲಿಗೆ ಮೆತ್ತಗಿರುವುದನ್ನೇ ಬೆಕ್ಕು ಆರಿಸಿಕೊಳ್ಳುತ್ತದೆ. ಉಗುರಿನ ತುದಿಯಷ್ಟನ್ನು ಆಗಾಗ ಕತ್ತರಿಸಬಹುದು. ಅಮೆರಿಕದಲ್ಲಿ ಉಗುರನ್ನೇ ಕೀಳಿಸುವ ಶಸ್ತ್ರಚಿಕಿತ್ಸೆಯೊಂದಿದೆ, ಅದರಲ್ಲಿ ಹೋಗುವುದು ಬೆರಳಿನ ಕೊನೆಯ ಮೂಳೆ. ನ್ಯೂಯಾರ್ಕ್ ರಾಜ್ಯ 2019ರಲ್ಲಿ ಅದನ್ನು ನಿಷೇಧಿಸಿತು. ಆ ಬುದ್ಧಿ ನಮ್ಮ ಕಡೆ ಬಾರದಿರಲಿ.

ಇನ್ನು ನಿನ್ನ ಮುಂಗೈಯ ಗೀರುಗಳು. ಇಲ್ಲಿ ಸ್ವಲ್ಪ ಗಟ್ಟಿಯಾಗಿಯೇ ಮಾತಾಡಬೇಕಾಗಿದೆ. ಮರಿಯನ್ನು ತಾಯಿಯ ಹತ್ತಿರದಿಂದ ಯಾವಾಗ ತಂದಿರಿ? ಕಣ್ಣುಬಿಟ್ಟು ಓಡಾಡಲು ಕಲಿತ ಕೂಡಲೇ, ಮುದ್ದಾಗಿದೆ ಎಂದು. ಹೆಲ್ಸಿಂಕಿ ವಿಶ್ವವಿದ್ಯಾಲಯದವರು ಸುಮಾರು 6,000 ಬೆಕ್ಕುಗಳ ಮಾಹಿತಿ ಕೂಡಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎಂಟು ವಾರ ತುಂಬುವ ಮುಂಚೆ ತಾಯಿಯಿಂದ ಬಿಡಿಸಿದ ಮರಿಗಳು ದೊಡ್ಡವಾದ ಮೇಲೆ ಹೆಚ್ಚು ಮೈಮೇಲೆ ಬರುತ್ತವೆ ಎಂದು ಕಂಡುಬಂತು. ಒಡಹುಟ್ಟಿದ ಮರಿಯನ್ನು ಜೋರಾಗಿ ಕಚ್ಚಿದರೆ ಅದು ಚೀರಿ ಆಟ ನಿಲ್ಲಿಸುತ್ತದೆ, ತಾಯಿಯನ್ನು ಕಚ್ಚಿದರೆ ಪಂಜದ ಪೆಟ್ಟು ಬೀಳುತ್ತದೆ. ಎಷ್ಟು ಕಚ್ಚಿದರೆ ಆಟ, ಎಷ್ಟಾದರೆ ಜಗಳ ಎಂಬುದನ್ನು ಮರಿ ಅಲ್ಲಿ ಕಲಿಯುತ್ತದೆ. ಆ ಶಾಲೆಯಿಂದ ಬಿಡಿಸಿ ತಂದವರು ನೀವು. ತಂದ ಮೇಲೆ ಮಾಡಿದ್ದೇನು? ಬೆರಳಾಡಿಸಿ ಕಚ್ಚಿಸಿಕೊಂಡು, ಅದನ್ನು ಮೊಬೈಲಿನಲ್ಲಿ ಹಿಡಿದು, ಸ್ಟೇಟಸ್ಸಿಗೆ ಹಾಕಿ ನಕ್ಕಿರಿ. ಹಾಲುಹಲ್ಲಿನ ಕಾಲಕ್ಕೆ ನಗು, ಗಟ್ಟಿಹಲ್ಲು ಬಂದಾಗ ಚೀಲ! ಬೆರಳು ಆಟಿಕೆ ಎಂದು ಕಲಿಸಿದವರು ಯಾರು? ಈಗ ನಿನ್ನ ಮುಂದಿರುವ ಉಪಾಯ ಒಂದೇ: ಕೈ ಆಟಕ್ಕಿಲ್ಲ. ಕಚ್ಚಿದ ಕ್ಷಣ ಕೈಯನ್ನು ಎಳೆಯದೆ ಸುಮ್ಮನೆ ಬಿಟ್ಟು, ಎದ್ದು ಹೋಗು. ಎಳೆದರೆ ಅದಕ್ಕೆ ಓಡುವ ಇಲಿಯೇ. ಮನೆಯವರೆಲ್ಲ ಒಂದೇ ರೀತಿ ನಡೆದುಕೊಳ್ಳಬೇಕು, ನೀನು ಎದ್ದು ಹೋಗುವಾಗ ತಮ್ಮ ಬೆರಳಾಡಿಸುತ್ತ ಕುಳಿತರೆ ಫಲವಿಲ್ಲ. ಗೀರು ರಕ್ತ ಬರುವಷ್ಟಿದ್ದರೆ ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ತೋರಿಸು. ರೇಬೀಸ್ ನಾಯಿಯಿಂದ ಮಾತ್ರ ಬರುತ್ತದೆ ಎಂಬ ನಂಬಿಕೆ ತಪ್ಪು. ಮರಿಗೆ ಮೂರು ತಿಂಗಳಿಗೆ ಆ ಲಸಿಕೆ ಹಾಕಿಸಲೇಬೇಕು.

ಇಷ್ಟೆಲ್ಲ ಯಾಕೆ, ಒಂದೇಟು ಬಿದ್ದರೆ ಬುದ್ಧಿ ಬರುತ್ತದೆ ಎನ್ನುವವರಿದ್ದಾರೆ. ಏಟಿನಿಂದ ಮರಿ ಏನನ್ನೂ ಕಲಿಯುವುದಿಲ್ಲ ಎಂದಲ್ಲ, ನೀನು ಬಯಸದ್ದನ್ನು ಕಲಿಯುತ್ತದೆ. ಬೆಳಿಗ್ಗೆ ಹರಿದ ಪರದೆಗೆ ಸಂಜೆ ಬಿದ್ದ ಏಟಿನ ಕಾರಣ ಅದಕ್ಕೆ ತಿಳಿಯದು. ಕೆರೆಯುತ್ತಿರುವಾಗಲೇ ಹೊಡೆದರೂ, ಸೋಫಾ ಕೆಟ್ಟದ್ದು ಎಂದಲ್ಲ, ನೀನಿದ್ದಾಗ ಕೆರೆಯುವುದು ಕೆಟ್ಟದ್ದು ಎಂದು ತಿಳಿದುಕೊಳ್ಳುತ್ತದೆ. ಆಮೇಲೆ ನೀನು ಕೆಲಸಕ್ಕೆ ಹೋಗುವುದನ್ನೇ ಕಾಯುತ್ತದೆ. ಹೆದರಿದ ಬೆಕ್ಕು ಮಂಚದ ಕೆಳಗೆ ಅಡಗಿಕೊಂಡು ಅಲ್ಲೇ ಉಚ್ಚೆ ಹೊಯ್ಯುತ್ತದೆ. ಆಗ ಅದಕ್ಕೂ ಸೇಡು ಎಂದೇ ಹೆಸರಿಡುತ್ತೀರಿ.

ಏಟಿಗಿಂತ ಹೊತ್ತು ಮುಖ್ಯ. ಬೆಕ್ಕು ಮುಸ್ಸಂಜೆ ಮತ್ತು ನಸುಕಿನ ಬೇಟೆಗಾರ. ನಲವತ್ತು ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಹಗಲಿಡೀ ತಣ್ಣನೆ ಟೈಲ್ಸ್ ಹುಡುಕಿ ಮಲಗುತ್ತದೆ, ನೀವು ದಣಿದು ಬಂದು ಮಲಗುವ ಹೊತ್ತಿಗೆ ಅದರ ದಿನ ಶುರುವಾಗುತ್ತದೆ. ಆ ಶಕ್ತಿಯನ್ನು ಸಂಜೆಯೇ ಖರ್ಚು ಮಾಡಿಸು. ದಾರಕ್ಕೆ ಕೋಳಿಗರಿ ಕಟ್ಟಿ ಕೋಲಿನ ತುದಿಯಿಂದ ಆಡಿಸು, ಕೆಲವು ಸಲ ಸಿಗಲಿ, ಕೊನೆಯಲ್ಲಿ ಹಿಡಿದುಕೊಳ್ಳಲಿ, ಕೂಡಲೇ ಊಟ ಹಾಕು. ಆಡಿ, ಹಿಡಿದು, ತಿಂದು, ಮೈ ನೆಕ್ಕಿಕೊಂಡು ಮಲಗುವುದು ಬೇಟೆಯ ಕ್ರಮವೇ. ಆಟ ಮುಗಿದ ಮೇಲೆ ದಾರ ಎತ್ತಿಡು, ನುಂಗಿದರೆ ಕರುಳಿಗೆ ಸುತ್ತಿಕೊಳ್ಳುತ್ತದೆ. ಇದರಿಂದ ಏನಾದೀತು ಎನ್ನುವವರಿಗೆ ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದವರು 355 ಬೆಕ್ಕುಗಳ ಮೇಲೆ ನಡೆಸಿ 2021ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಹೇಳಬೇಕು. ಅಲ್ಲಿನ ಪ್ರಶ್ನೆ ಬೆಕ್ಕುಗಳು ಮನೆಗೆ ಹೊತ್ತು ತರುವ ಬೇಟೆಯನ್ನು ತಗ್ಗಿಸುವುದು ಹೇಗೆ ಎಂಬುದು. ದಿನಕ್ಕೆ ಐದು ಹತ್ತು ನಿಮಿಷದ ಆಟದಿಂದ ಅದು ಶೇಕಡ 25ರಷ್ಟು ಇಳಿಯಿತು. ಮಾಂಸದ ಅಂಶ ಹೆಚ್ಚಿರುವ ಆಹಾರದಿಂದ ಶೇಕಡ 36ರಷ್ಟು. ಅಂದರೆ ಬೇಟೆಯ ತವಕವನ್ನು ಆಟವೂ ತಣಿಸುತ್ತದೆ, ಸರಿಯಾದ ಊಟವೂ ತಣಿಸುತ್ತದೆ. ನಮ್ಮದು ಮಾಂಸ ತರದ ಮನೆ, ಹಾಲನ್ನ ಹಾಕುತ್ತೇವೆ ಎಂಬ ಮಾತು ಇಲ್ಲಿ ಎದುರಾಗುತ್ತದೆ. ಆದರೆ ನಮ್ಮ ಹಳೆಯ ಮಡಿಯ ಮನೆಗಳ ಬೆಕ್ಕೂ ಎಂದೂ ಸಸ್ಯಾಹಾರಿಯಾಗಿರಲಿಲ್ಲ. ಅದು ಜಂತಿಯ ಮೇಲೆ ಏನು ತಿನ್ನುತ್ತಿತ್ತೋ ಯಾರೂ ಕೇಳುತ್ತಿರಲಿಲ್ಲ, ಅಷ್ಟೇ. ಟಾರಿನ್ ಎಂಬ ಸತ್ವವನ್ನು ಬೆಕ್ಕಿನ ಮೈ ಸಾಕಷ್ಟು ತಯಾರಿಸಿಕೊಳ್ಳಲಾರದು, ಅದು ಸಿಗುವುದು ಮಾಂಸ ಮೀನಿನಲ್ಲಿ. ಕಡಿಮೆಯಾದರೆ ಕಣ್ಣು ಹೋಗುತ್ತದೆ, ಹೃದಯ ಸೋಲುತ್ತದೆ. ಹಸುವಿನ ಹಾಲು ಹಲವು ಬೆಕ್ಕುಗಳಿಗೆ ಭೇದಿ ತರುತ್ತದೆ. ಮೀನು ಒಲೆಯ ಹತ್ತಿರ ಬರುವುದು ಬೇಡವಾದರೆ ಬೆಕ್ಕಿಗೆಂದೇ ಮಾಡಿದ ಪ್ಯಾಕೆಟ್ ಆಹಾರವಿದೆ. ಅದೂ ಆಗದು ಎನ್ನುವ ಮನೆಯಲ್ಲಿ ಬೆಕ್ಕು ಬೇಡ. ಈ ವಿಷಯದಲ್ಲಿ ನಾನು ಬೆಕ್ಕು ಬೇಡ ಎನ್ನುವವರ ಕಡೆ.

ಈಗ ಗಿರಣಿಯ ಮಾತು. ಇಲಿ ಕಂಡ ಬೆಕ್ಕೆಲ್ಲ ಇಲಿ ಹಿಡಿಯುತ್ತದೆ ಎಂಬುದು ನಮ್ಮ ಊಹೆ. 1930ರಲ್ಲಿ ಚೀನಾದ ವಿಜ್ಞಾನಿ ಜಿಂಗ್-ಯಾಂಗ್ ಕುವೊ ಇದನ್ನು ಪರೀಕ್ಷಿಸಿದರು. ತಾಯಿ ಇಲಿ ಕೊಲ್ಲುವುದನ್ನು ನೋಡುತ್ತ ಬೆಳೆದ 21 ಮರಿಗಳಲ್ಲಿ 18 ಇಲಿ ಕೊಂದವು. ಒಂಟಿಯಾಗಿ ಬೆಳೆದ 20ರಲ್ಲಿ ಕೊಂದದ್ದು 9. ನಿನ್ನ ಮರಿ ಎರಡನೆಯ ಗುಂಪಿನದು, ಅದು ಹಿಡಿದಿರುವುದು ಪರದೆಯ ತುದಿಯನ್ನು. ಗಿರಣಿಯ ಹೆಗ್ಗಣ ಅದಕ್ಕಿಂತ ದೊಡ್ಡದು. ಇಲಿ ಹಿಡಿಯಲು ಕಲಿತರೂ ಗೋದಾಮುಗಳಲ್ಲಿ, ಭತ್ತದ ಗದ್ದೆಗಳಲ್ಲಿ ಇಡುವ ಇಲಿಪಾಷಾಣ ಒಂದಿದೆ. ವಿಷ ತಿಂದು ತೂರಾಡುವ ಇಲಿಯೇ ಕಲಿಯದ ಮರಿಗೆ ಸುಲಭವಾಗಿ ಸಿಗುವುದು. ಅಲ್ಲಿ ಮೊದಲೇ ಬೀಡುಬಿಟ್ಟ ಗಂಡುಬೆಕ್ಕುಗಳು, ನಾಯಿಗಳು. ಲಿಂಗಸುಗೂರು, ಮಸ್ಕಿ, ಸಿಂಧನೂರು ಮೂರನ್ನೂ ದಾಟಿ ಹೋಗುವ 150ಎ ಹೆದ್ದಾರಿಯ ಮೇಲೆ ರಾತ್ರಿಯಿಡೀ ಭತ್ತದ ಲಾರಿಗಳು. ಹೀಗೆ ಬಿಟ್ಟು ಬರುವುದು ನಮ್ಮಲ್ಲಿ ಪಾಪ ಎನಿಸಿಕೊಳ್ಳದಿರುವುದಕ್ಕೂ ಒಂದು ಹಿನ್ನೆಲೆಯಿದೆ. ಬೆಕ್ಕು ಕೊಂದರೆ ಬಂಗಾರದ ಬೆಕ್ಕು ಮಾಡಿಸಿ ದಾನ ಕೊಡಬೇಕು ಎಂಬ ನಂಬಿಕೆ ಬಲವಾಗಿತ್ತು. ಹಟ್ಟಿಯ ಗಣಿ ಲಿಂಗಸುಗೂರು ತಾಲ್ಲೂಕಿನಲ್ಲೇ ಇದ್ದರೂ ಬಂಗಾರದ ಬೆಕ್ಕು ಮಾಡಿಸುವ ಶಕ್ತಿ ಎಷ್ಟು ಜನಕ್ಕಿತ್ತು? ಆದ್ದರಿಂದ ಕೊಲ್ಲದೆ ಚೀಲದಲ್ಲಿ ಕಟ್ಟಿ ಊರಾಚೆ, ಹಳ್ಳದಾಚೆ ಬಿಡುವ ಪದ್ಧತಿ ನಡೆಯಿತು. ಸತ್ತರೂ ನಮ್ಮ ಕೈಯಿಂದ ಸತ್ತದ್ದಲ್ಲ ಎಂಬ ಜಾಣತನ ಅದು, ಅದನ್ನು ಹಿರಿಯರ ವಿವೇಕವೆಂದು ನನಗೆ ಹೇಳಬೇಡ. ಹಸಿವು ನೀರಡಿಕೆಗೆ ಗುರಿಯಾಗುವಂತೆ ಪ್ರಾಣಿಯನ್ನು ಬಿಟ್ಟು ಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ ಅಪರಾಧ. ಮೊದಲ ಸಲದ ದಂಡ 10ರಿಂದ 50 ರೂಪಾಯಿ! ಅಷ್ಟು ಅಗ್ಗದ ಕಾನೂನಿಗೆ ಯಾರೂ ಹೆದರುವುದಿಲ್ಲವೆಂದೇ ಇಷ್ಟು ಉದ್ದದ ಪತ್ರ. ಮಸ್ಕಿಯ ಹೆಸರು ಬಂದ ಕೂಡಲೇ ಅಶೋಕನನ್ನು ಎಳೆದು ತಂದು ಪ್ರಾಣಿದಯೆಯ ಉಪದೇಶ ಮಾಡುವವರೂ ಇದ್ದಾರೆ. 1915ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಬಂಡೆಶಾಸನದ ಹೆಚ್ಚುಗಾರಿಕೆ ಅದರಲ್ಲಿ ಅಶೋಕನ ಹೆಸರು ಇರುವುದು. ಪ್ರಾಣಿಗಳಿಗೆ ಚಿಕಿತ್ಸೆಯ ಮಾತು ಬರುವುದು ಗಿರ್ನಾರ್ ಮೊದಲಾದ ಕಡೆಯ ಶಾಸನಗಳಲ್ಲಿ. ಅವನನ್ನು ಸಾಕ್ಷಿಗೆ ಕರೆಯದೆಯೂ ವಾದ ನಿಲ್ಲುತ್ತದೆ.

ಮಾತು ಒರಟಾಗಿದ್ದರೆ ತಡೆದುಕೋ. ಬಾಡಿಗೆ ಮನೆ, ಮಾಲೀಕರ ಗೊಣಗು, ಮುಂಗಡದಲ್ಲಿ ಮುರಿದುಕೊಳ್ಳುತ್ತಾರೆಂಬ ಭಯ, ದಿನವಿಡೀ ಕೆಲಸ, ಇವೆಲ್ಲ ನಿನಗಿಲ್ಲವೆಂದು ನಾನು ಹೇಳುವುದಿಲ್ಲ. ಮನೆಯಲ್ಲಿ ಯಾರಿಗಾದರೂ ಬೆಕ್ಕಿನಿಂದ ಉಬ್ಬಸ ಹೆಚ್ಚಾಗುತ್ತಿದ್ದರೆ ಇಷ್ಟೂ ವಾದವನ್ನು ಬದಿಗಿಟ್ಟು ಮರಿಯನ್ನು ಕೊಡುವುದೇ ಸರಿ. ಆದರೆ ಕೊಡುವುದು ಬೇರೆ, ಬಿಟ್ಟು ಬರುವುದು ಬೇರೆ. ಮೂರು ತಿಂಗಳು ತುಂಬಿ ಲಸಿಕೆ ಆದ ಮೇಲೆ, ಹೆಸರು ವಿಳಾಸ ಗೊತ್ತಿರುವ ಮನೆಗೆ, ಅದು ಕೆರೆಯುತ್ತದೆ, ಕಚ್ಚುತ್ತದೆ ಎಂದು ಬಾಯಿಬಿಟ್ಟು ಹೇಳಿ ಕೊಡಬೇಕು. ಹೊಲದಲ್ಲಿ ಮನೆ ಮಾಡಿಕೊಂಡವರು, ಹಿತ್ತಲು ಇರುವವರು ವಿಚಾರಿಸಿದರೆ ಸಿಗುತ್ತಾರೆ. ಇಟ್ಟುಕೊಳ್ಳುವುದಾದರೆ ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ ಸಂತಾನಹರಣ ಚಿಕಿತ್ಸೆಯ ವಿಚಾರವನ್ನು ಈಗಲೇ ಮಾತಾಡಿಡು. ಹೆಣ್ಣು ಮರಿ ನಾಲ್ಕೈದು ತಿಂಗಳಿಗೇ ಬೆದೆಗೆ ಬರಬಹುದು, ಅಲ್ಲಿಂದ ಒಂಬತ್ತು ವಾರಕ್ಕೆ ಇನ್ನಷ್ಟು ಮರಿ. ಗಂಡಾದರೆ ಗೋಡೆಗೆ ಉಚ್ಚೆ ಚಿಮುಕಿಸುವ ಚಾಳಿ ಹಿಡಿಯುತ್ತದೆ, ಅದರ ನಾತಕ್ಕೆ ಹೋಲಿಸಿದರೆ ಹರಿದ ಸೋಫಾ ಏನೂ ಅಲ್ಲ. ಮನೆ ಮಾಲೀಕರಿಗೆ ಹರಿದದ್ದನ್ನು ನೀನೇ ಮೊದಲು ಹೇಳು, ಬಿಡುವಾಗ ಸರಿಮಾಡಿಸಿ ಕೊಡುವುದಾಗಿ ಒಪ್ಪಿಕೋ. ದರ್ಜಿಯ ಹತ್ತಿರ ಹೊಸ ಕವರಿನ ರೇಟು ಕೇಳಿಡು, ಆದರೆ ಈಗಲೇ ಹೊಲಿಸಬೇಡ. ವರ್ಷ ತುಂಬುವ ಹೊತ್ತಿಗೆ ಮರಿಯ ಓಟ ತಗ್ಗುತ್ತದೆ. ಅಲ್ಲಿಯವರೆಗೆ ಹಳೆಯ ಬೆಡ್‌ಶೀಟ್ ಸಾಕು.